ಮೇಲಿನ ಮೆಟ್ಟಿಲು

ಬಸ್ಸು ಓಡಿಸುವುದನ್ನು ಬಿಟ್ಟು ವರ್ಷವಾಗುತ್ತ ಬಂದಿದ್ದರೂ ಬೀದಿಯವರಿಗೆಲ್ಲ ಅವನು ಇನ್ನೂ ಡ್ರೈವರೇ. ಹಾಲಿನವನು, ಕ್ಷೌರದ ಅಂಗಡಿಯವನು, ಎದುರು ಮನೆಯ ಅಜ್ಜಿ, ಯಾರು ಕಂಡರೂ "ಏನ್ ಡ್ರೈವರ್ರೇ, ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ಅವನು ತಲೆಯಾಡಿಸಿ, ನಗೆಯಂಥದ್ದೊಂದನ್ನು ಮುಖದ ಮೇಲೆ ತಂದುಕೊಂಡು, ಬೇಗಬೇಗ ಮುಂದೆ ಹೋಗುತ್ತಿದ್ದ.

ನಡೆದದ್ದು ಇಷ್ಟೇ. ಆ ದಿನ ಬೆಳಿಗ್ಗೆ ಡಿಪೋದಿಂದ ಗಾಡಿ ತೆಗೆಯುವಾಗಲೇ ಬ್ರೇಕಿನ ಪೆಡಲು ಕಾಲಿಗೆ ಸ್ವಲ್ಪ ಮೆತ್ತಗೆ ಅನ್ನಿಸಿತ್ತು. ಮೆಕ್ಯಾನಿಕ್ಕಿಗೆ ಹೇಳಿದ. ಮೆಕ್ಯಾನಿಕ್ ಒಮ್ಮೆ ಒತ್ತಿ ನೋಡಿ, "ಪೆಡಲಲ್ಲ, ನಿನ್ನ ಕಾಲೇ ಮೆತ್ತಗಾಗಿದೆ, ಹೋಗಯ್ಯ" ಎಂದು ನಕ್ಕ. ಇವನೂ ನಕ್ಕು ಗಾಡಿ ಹೊರಡಿಸಿದ. ಮಧ್ಯಾಹ್ನ ಮಾರುಕಟ್ಟೆಯ ಇಳಿಜಾರಿನಲ್ಲಿ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲಲಿಲ್ಲ. ಕಲ್ಲುಗೋಡೆಗೆ ಬಸ್ಸಿನ ಮೈ ಉಜ್ಜಿಸಿ ಉಜ್ಜಿಸಿ ಹೇಗೋ ನಿಲ್ಲಿಸಿದ. ಯಾರ ಪ್ರಾಣವೂ ಹೋಗಲಿಲ್ಲ. ಕೆಲವರ ಕೈಕಾಲು ಮುರಿಯಿತು, ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬಳ ಕೆನ್ನೆಗೆ ಗಾಜು ಚುಚ್ಚಿತು. ವಿಚಾರಣೆಯಲ್ಲಿ ಅವನದೇನೂ ತಪ್ಪಿಲ್ಲ ಎಂದಾಯಿತು. ಬೆನ್ನು ತಟ್ಟಿದವರೂ ಇದ್ದರು. ಆದರೆ ಮತ್ತೆ ಸ್ಟೇರಿಂಗ್ ಹಿಂದೆ ಕೂತ ದಿನ ಅವನ ಬಲಗಾಲು ಅವನನ್ನು ಕೇಳದೆಯೇ ನಡುಗತೊಡಗಿತು. ಇಳಿದು ಬಂದವನು ಮತ್ತೆ ಹತ್ತಲಿಲ್ಲ.

ಕಾಲಿನ ನಡುಕ ನಿಂತಿತು, ತಲೆಯದು ನಿಲ್ಲಲಿಲ್ಲ. ಅಂದು ಬೆಳಿಗ್ಗೆ ಕಾಲಿಗೆ ಅನ್ನಿಸಿದ್ದು ನಿಜವಾಗಿತ್ತಲ್ಲ, ಹಾಗಾದರೆ ಇನ್ನು ಮುಂದೆ ಅನ್ನಿಸುವುದೆಲ್ಲ ನಿಜವೇ ಏನು? ಗ್ಯಾಸ್ ಸೋರುತ್ತಿದೆ ಅನ್ನಿಸಿದರೆ ಎದ್ದು ಹೋಗಿ ಮೂಸುತ್ತಿದ್ದ. ಬೀಗ ಸರಿಯಾಗಿ ಬಿದ್ದಿಲ್ಲ ಅನ್ನಿಸಿದರೆ ಅರ್ಧ ದಾರಿಯಿಂದ ವಾಪಸು ಬಂದು ಎಳೆದು ನೋಡುತ್ತಿದ್ದ. ಫ್ಯಾನು ಕಳಚಿ ಬೀಳುತ್ತದೆ ಅನ್ನಿಸಿ ಮಂಚವನ್ನೇ ಗೋಡೆಗೆ ಸರಿಸಿದ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಡತಿ ಮೊದಲು ಕನಿಕರಪಟ್ಟಳು, ಆಮೇಲೆ ರೇಗಿದಳು, ಕೊನೆಗೆ ತಮಾಷೆಗಿಳಿದಳು.

"ನೀವು ಎಳೆದೂ ಎಳೆದೂ ಆ ಬೀಗಕ್ಕೇ ಸಾಕಾಗಿ ಹೋಗಿದೆ ಕಣ್ರೀ. ಸುಮ್ನೆ ಮನೇಲಿ ಕೂತ್ರೆ ಇನ್ನೇನಾಗುತ್ತೆ? ಅಮ್ಮನ ಹತ್ರ ಹೋಗಿ. ಕೈಗೊಂದು ಕೆಲಸ ಸಿಗುತ್ತೆ."

"ಅತ್ತೆ ಹತ್ರ ಕೆಲಸಕ್ಕಾ? ಜನ ಏನಂತಾರೆ?"

"ಅಳಿಯ ಅತ್ತೆ ಮನೇಲಿ ಮರ ಕೊರೀತಾನೆ ಅಂತಾರೆ. ಹೆಂಡತಿ ತಲೆ ಕೊರೀತಾನೆ ಅನ್ನೋದಕ್ಕಿಂತ ವಾಸಿ ಅಲ್ವಾ?"

ಅತ್ತೆ ಬಡಗಿ. ಮಾವ ಇರುವ ತನಕ ಮನೆಮನೆಗೆ ಅಂಚೆ ಹಂಚುತ್ತಿದ್ದರು; ಮರದ ವಿದ್ಯೆ ಅತ್ತೆಗೆ ಬಂದದ್ದು ತಮ್ಮ ಅಪ್ಪನಿಂದ. ಮನೆಯ ಹಿಂದೆ ತಗಡಿನ ಚಾವಣಿಯ ಒಂದು ಉದ್ದನೆ ಕೋಣೆ. ಅದರೊಳಗೆ ಯಂತ್ರ ಅಂತ ಇದ್ದದ್ದು ಒಂದು ರೇಡಿಯೋ ಮಾತ್ರ. ಗೋಡೆಗೆ ಸಾಲಾಗಿ ಗರಗಸಗಳು, ಮರದ ಗೂಡಿನಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಉಳಿಗಳು, ಹಿಡಿ ಸವೆದು ಅಂಗೈಯ ಆಕಾರಕ್ಕೇ ಬಂದಿದ್ದ, ಹಲಗೆ ನುಣುಪಾಗಿಸುವ ಉಜ್ಜುಗೊರಡು, ಉಳಿಯ ತಲೆಗೆ ಬಡಿಯುವ ಮರದ ಕೊಡತಿ. ಮೊಳೆಯೆಂದರೆ ಅತ್ತೆಗೆ ಆಗುತ್ತಿರಲಿಲ್ಲ. "ಮೊಳೆ ಹೊಡೆದು ಸೇರಿಸೋದು ಅಂದ್ರೆ ಜುಟ್ಟು ಹಿಡ್ಕೊಂಡು ಸಂಸಾರ ಮಾಡಿಸಿದ ಹಾಗೆ" ಎನ್ನುತ್ತಿದ್ದರು.

ಮನೆಯೊಳಗೆ ಅತ್ತೆ ಅಳಿಯನನ್ನು "ಬನ್ನಿ, ಕೂತ್ಕೊಳ್ಳಿ, ಇನ್ನೊಂಚೂರು ಚಹಾ ತಗೊಳ್ಳಿ" ಎಂದು ಉಪಚರಿಸುವವರು, ಹಿಂಬಾಗಿಲು ದಾಟಿದ ಕೂಡಲೇ "ನೀನು" ಎನ್ನತೊಡಗಿದರು. ಮೊದಲ ದಿನವೇ ಹೇಳಿಬಿಟ್ಟರು. "ನೋಡು, ಇಲ್ಲಿ ಅಳಿಯನೂ ಇಲ್ಲ, ಅತ್ತೇನೂ ಇಲ್ಲ. ಉಳಿ ಇದೆ. ಅದಕ್ಕೆ ನೆಂಟಸ್ತಿಕೆ ಗೊತ್ತಿಲ್ಲ. ಬೆರಳು ಸಿಕ್ಕಿದ್ರೆ ಬೆರಳನ್ನೇ ಕತ್ತರಿಸುತ್ತೆ."

ಬಹಳ ದಿನ ಅವನಿಗೆ ಮರವನ್ನೇ ಮುಟ್ಟಲು ಬಿಡಲಿಲ್ಲ. ಬರೀ ಸಾಣೆಕಲ್ಲು. ಉಳಿಯ ಬಾಯಿ ಮುಂಗೈ ಕೂದಲನ್ನು ಸದ್ದಿಲ್ಲದೆ ಬೋಳಿಸುವ ತನಕ ತೀಡು. ಮುಂಗೈ ಅಲ್ಲಲ್ಲಿ ಬೋಳಾಗಿ ಕಜ್ಜಿನಾಯಿಯ ಹಾಗೆ ಕಾಣುತ್ತಿದೆ ಎಂದು ಹೆಂಡತಿ ನಗಾಡಿದಳು. ಆಮೇಲೆ ಗರಗಸ. ಗೆರೆ ಎಳೆದು, ಗೆರೆಯ ಅರ್ಧ ಉಳಿಯುವಂತೆ, ಅರ್ಧ ಹೋಗುವಂತೆ ಕೊಯ್ಯಬೇಕು. ಇದು ಅವನಿಗೆ ಬೇಗ ಒಲಿಯಿತು. ಇಕ್ಕಟ್ಟಿನ ಬೀದಿಗಳಲ್ಲಿ ಎರಡು ಬದಿಗೂ ಕೂದಲೆಳೆಯ ಜಾಗ ಬಿಟ್ಟು ಬಸ್ಸು ತೂರಿಸಿದ ಕಣ್ಣು ಅದು. ಅತ್ತೆ ಹೊಗಳಲಿಲ್ಲ. ಬೈಯಲೂ ಇಲ್ಲ ಅನ್ನುವುದೇ ಅವನಿಗೆ ಹೊಗಳಿಕೆಯಾಗಿ ಕೇಳಿಸಿತು.

ತೊಂದರೆ ಶುರುವಾದದ್ದು ಜೋಡಣೆಯ ಕೆಲಸಕ್ಕೆ ಬಂದ ಮೇಲೆ. ಒಂದು ಮರದಲ್ಲಿ ಚೌಕನೆಯ ಕುಳಿ ತೋಡಬೇಕು. ಇನ್ನೊಂದರ ತುದಿಯನ್ನು ಆ ಕುಳಿಗೆ ಸರಿಯಾಗಿ ಕೂರುವಂತೆ ನಾಲಿಗೆಯ ಹಾಗೆ ಕೆತ್ತಬೇಕು. ಒಂದರೊಳಗೊಂದು ಕೈಬಲದಿಂದಲೇ ಹೋಗಬೇಕು, ಆದರೆ ತಾನಾಗಿ ಬರಬಾರದು. ಕುಳಿಯನ್ನು ಅವನು ಚೆನ್ನಾಗಿಯೇ ತೋಡುತ್ತಿದ್ದ, ನಾಲಿಗೆಯನ್ನೂ ಚೆನ್ನಾಗಿಯೇ ಕೆತ್ತುತ್ತಿದ್ದ. ಸೇರಿಸಿದರೆ ಬಿಗಿಯಾಗಿ ಕೂರುತ್ತಿತ್ತು. ಆಗ ಅವನಿಗೆ ಅನ್ನಿಸುತ್ತಿತ್ತು, ನಿಜವಾಗಿಯೂ ಬಿಗಿಯಿದೆಯೇ? ಎಳೆದು ತೆಗೆಯುತ್ತಿದ್ದ. ಮತ್ತೆ ಹಾಕುತ್ತಿದ್ದ. ಅಲ್ಲಾಡಿಸಿ ನೋಡುತ್ತಿದ್ದ. ಮತ್ತೆ ತೆಗೆಯುತ್ತಿದ್ದ.

ರೇಡಿಯೋ ಕೇಳುತ್ತಾ ಕುರ್ಚಿಯ ಕಾಲು ಕೆತ್ತುತ್ತಿದ್ದ ಅತ್ತೆ ತಲೆಯೆತ್ತದೆಯೇ ಗದರಿದರು. "ಎಷ್ಟು ಸಲ ತೆಗೆದು ಹಾಕ್ತೀಯ? ಒಂದೊಂದು ಸಲ ಹೋಗಿ ಬಂದಾಗಲೂ ಮರ ಸವೆಯುತ್ತೆ. ಬಿಗಿ ಇದೆಯಾ ಅಂತ ನೋಡೀ ನೋಡೀ ನೀನೇ ಸಡಿಲ ಮಾಡ್ತಿದೀಯ."

"ನೋಡದಿದ್ರೆ ಹೇಗೆ ಗೊತ್ತಾಗುತ್ತೆ ಅತ್ತೆ?"

"ಕೆತ್ತೋವಾಗ ನೋಡು. ಆಮೇಲೆ ಬಿಡು."

ಬಿಡುವುದು ಹೇಗೆಂದು ಅತ್ತೆ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದ ಸಂಗತಿ ಅದು ಎಂದು ಅವರಿಗೆ ಹೊಳೆದಂತೆಯೂ ಇರಲಿಲ್ಲ.

ಆ ಹೊತ್ತಿಗೆ ಊರಿನ ಲೈಬ್ರರಿಯಿಂದ ಏಣಿಯೊಂದು ಬೇಕೆಂದು ಕೇಳಿಕೊಂಡು ಬಂದರು. ಬಂದವರು ಲೈಬ್ರರಿಯನ್ನು ನೋಡಿಕೊಳ್ಳುವವರೇ, ದಪ್ಪನೆಯ, ನಗುಮುಖದ ಮನುಷ್ಯ. ಅಲ್ಲಿನ ಕಪಾಟುಗಳು ಚಾವಣಿ ಮುಟ್ಟುವಷ್ಟು ಎತ್ತರ. ಹಳೆಯ ಏಣಿಯ ಮೆಟ್ಟಿಲು ಮುರಿದು ಅವರು ಪುಸ್ತಕಗಳ ಸಮೇತ ಕೆಳಗೆ ಬಂದಿದ್ದರು. "ಪುಣ್ಯಕ್ಕೆ ಕೆಳಗಿನ ಮೆಟ್ಟಿಲು. ನನ್ನ ಮೇಲೆ ಪುಸ್ತಕ ಬಿತ್ತೋ, ಪುಸ್ತಕದ ಮೇಲೆ ನಾನು ಬಿದ್ದೆನೋ ಗೊತ್ತಾಗಲಿಲ್ಲ. ಹೆಚ್ಚು ಪೆಟ್ಟಾಗಿದ್ದು ಪುಸ್ತಕಕ್ಕೇ" ಎಂದು ಹೊಟ್ಟೆ ಕುಣಿಸಿ ನಕ್ಕರು. ಡ್ರೈವರಿಗೆ ನಗು ಬರಲಿಲ್ಲ. ಅವನು ಆಗಲೇ ಆ ಹೊಟ್ಟೆಯ ಭಾರವನ್ನು ಮನಸ್ಸಿನಲ್ಲೇ ತೂಗುತ್ತಿದ್ದ.

ಎರಡು ಉದ್ದನೆಯ ಕಂಬ, ನಡುವೆ ಅಗಲವಾದ ಮೆಟ್ಟಿಲುಗಳು. ಮೆಟ್ಟಿಲಿನ ನಾಲಿಗೆ ಕಂಬವನ್ನು ತೂರಿ ಆಚೆ ಬದಿಗೆ ಕಾಣಬೇಕು. ಆ ತುದಿಗೆ ಹೊರಗಿನಿಂದ ಸಣ್ಣ ಬೆಣೆ ಹೊಡೆದು ಅಲ್ಲಾಡದಂತೆ ಬಿಗಿಯಬೇಕು. ಅತ್ತೆ ಕೆಲಸ ಹಂಚಿದರು. "ಕೆಳಗಿಂದ ಬಿದ್ರೆ ಸೊಂಟ ಉಳುಕುತ್ತೆ, ಮೇಲಿಂದ ಬಿದ್ರೆ ಮನುಷ್ಯ ಉಳಿಯಲ್ಲ. ಕೆಳಗಿನ ಮೆಟ್ಟಿಲೆಲ್ಲ ನಿನಗೆ. ಮೇಲಿಂದು ನನಗಿರಲಿ."

ಅವನಿಗೆ ಇದು ನೆಮ್ಮದಿಯ ಮಾತಾಗಿಯೇ ಕೇಳಿಸಿತು. ಆ ದಿನಗಳಲ್ಲಿ ಅತ್ತೆ ಬೆಂಚನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿಕೊಂಡಿದ್ದರು. ಗೆರೆ ಎಳೆಯುವಾಗ ಮರವನ್ನು ಮೂಗಿಗೆ ತಾಗುವಷ್ಟು ಹತ್ತಿರ ತರುತ್ತಿದ್ದರು. ಅವನು ಅದನ್ನು ಕಂಡೂ ಕಾಣದಂತೆ ಇದ್ದ. ತನ್ನ ಮೆಟ್ಟಿಲುಗಳ ಚಿಂತೆಯೇ ಅವನ ತಲೆ ತುಂಬಿತ್ತು.

ಮೂರನೆಯ ಮೆಟ್ಟಿಲಿನಲ್ಲಿ ಅವನು ಕೆಟ್ಟ. ಅತ್ತೆ ಚಹಾಕ್ಕೆಂದು ಒಳಗೆ ಹೋದಾಗ, ಅವರ ಕಿವಿ ತಪ್ಪಿಸಿ, ಅದರ ನಾಲಿಗೆಯನ್ನು ಕುಳಿಯೊಳಗೆ ಹಾಕಿ ತೆಗೆದು, ತೆಗೆದು ಹಾಕಿ ನೋಡಿದ. ಅಂಟು ಹಚ್ಚಿ ಸೇರಿಸುವ ದಿನ ಬೇರೆಲ್ಲ ಮೆಟ್ಟಿಲುಗಳು ಮುಲುಗುಟ್ಟಿಕೊಂಡು ಒಳಗೆ ಹೋದರೆ, ಅದೊಂದು ಮಾತಿಲ್ಲದೆ ಜಾರಿತು. ಅವನು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಬೆಣೆ ಹೊಡೆದಾಗಿತ್ತು. ಕೊಡತಿಯಿಂದ ಮೆಟ್ಟಿಲನ್ನು ತಟ್ಟಿ, ಸದ್ದು ಕೇಳಿ, "ಹ್ಞೂಂ" ಎಂದು ಮುಂದಿನದಕ್ಕೆ ಹೋದರು. ಅವನು ಬಾಯಿ ಮುಚ್ಚಿಕೊಂಡ.

ಏಣಿ ಲೈಬ್ರರಿಗೆ ಹೋಯಿತು. ಅವನ ನಿದ್ದೆಯೂ ಅದರ ಜೊತೆಗೇ ಹೋಯಿತು.

ಮೊದಲ ದಿನ ಆ ಕಡೆ ಏನೋ ಕೆಲಸವಿತ್ತು ಎಂಬಂತೆ ಹೋಗಿ ಇಣುಕಿದ. ಮರುದಿನ ಒಳಗೆ ಹೋಗಿ ಕೂತ. ಆಮೇಲೆ ಅದೇ ರೂಢಿಯಾಯಿತು. ಅತ್ತೆಯ ಕೆಲಸ ಮುಗಿದ ಮೇಲೆ, ಸಂಜೆ ಲೈಬ್ರರಿ ಮುಚ್ಚುವ ತನಕ, ಕಪಾಟುಗಳಿಗೆ ಎದುರಾಗಿ ಕೋಣೆಯ ನಡುಗಂಬದ ಪಕ್ಕದ ಕುರ್ಚಿಯಲ್ಲಿ ಕೈಗೆ ಸಿಕ್ಕಿದ ಪುಸ್ತಕವೊಂದನ್ನು ಬಿಡಿಸಿಕೊಂಡು ಕೂರುತ್ತಿದ್ದ. ಕಣ್ಣು ಪುಸ್ತಕದ ಅಂಚಿನ ಮೇಲಿಂದ ಏಣಿಯ ಮೇಲೆ. ಯಾರಾದರೂ ಹತ್ತಲು ಕಾಲೆತ್ತಿದರೆ ಸಾಕು, ಅಂಗೈ ಬೆವರುತ್ತಿತ್ತು. ಒಂದು, ಎರಡು, ಮೂರನೆಯದರ ಮೇಲೆ ಭಾರ ಬಿದ್ದಾಗ ಉಸಿರು ಹಿಡಿಯುತ್ತಿದ್ದ. ಅವರು ದಾಟಿ ಮೇಲೆ ಹೋದರೆ ಉಸಿರು ಬಿಡುತ್ತಿದ್ದ. ಇಳಿಯುವಾಗ ಮತ್ತೆ ಅದೇ ಪಾಡು.

ಲೈಬ್ರರಿಯವರು ಖುಷಿಯಾಗಿದ್ದರು. "ಡ್ರೈವರ್ರೇ, ಇಷ್ಟು ಓದೋ ಹುಚ್ಚು ಇದೆ ಅಂತ ಗೊತ್ತೇ ಇರಲಿಲ್ಲ. ಯಾವ ಪುಸ್ತಕ ಇವತ್ತು?"

ಅವನು ಮುಖಪುಟ ತಿರುಗಿಸಿ ನೋಡಿದ. ಮಕ್ಕಳ ಪೋಷಣೆಯ ಬಗ್ಗೆ ಬಸುರಿ ಹೆಂಗಸರಿಗೆ ಬರೆದದ್ದು.

"ಓಹೋ! ಸಿಹಿ ಸುದ್ದೀನಾ?"

"ಇಲ್ಲ... ಸುಮ್ನೆ... ತಿಳ್ಕೊಳ್ಳೋಣ ಅಂತ."

ಆ ಮಾತು ಔಷಧಿ ಅಂಗಡಿಗೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಹೆಂಡತಿ ಮನೆಗೆ ಬಂದವಳೇ ಕೈಚೀಲ ಕೆಳಗಿಟ್ಟು, "ನನಗೆ ಗೊತ್ತಿಲ್ಲದೆ ನಾನು ಬಸುರಿಯಂತೆ! ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು. ಅವನು ನಗಲಾರದೆ ನಕ್ಕು, ಕೊನೆಗೆ ಮೂರನೆಯ ಮೆಟ್ಟಿಲಿನ ಕಥೆಯನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

"ನಿಜವಾಗಿ ಸಡಿಲ ಇದೆಯೋ, ನನ್ನ ತಲೆಗೆ ಹಾಗನ್ನಿಸ್ತಿದೆಯೋ, ನನಗೇ ಗೊತ್ತಿಲ್ಲ ಕಣೇ. ಎಲ್ಲದಕ್ಕೂ ಹಾಗೇ ಅನ್ನಿಸುತ್ತೆ. ಗ್ಯಾಸಿಗೂ ಅನ್ನಿಸುತ್ತೆ, ಬೀಗಕ್ಕೂ ಅನ್ನಿಸುತ್ತೆ. ಯಾವುದನ್ನ ನಂಬಲಿ?"

ಅವಳು ಪಕ್ಕದಲ್ಲಿ ಕೂತು ಅವನ ಬೋಳು ಮುಂಗೈಯನ್ನು ಸುಮ್ಮನೆ ಸವರಿದಳು.

ಒಂದು ಸಂಜೆ ಲೈಬ್ರರಿಯಲ್ಲಿ ಜನ ಕಡಿಮೆಯಿದ್ದರು. ಲೈಬ್ರರಿಯವರು ಕಂಕುಳಲ್ಲಿ ದಪ್ಪ ದಪ್ಪ ಪುಸ್ತಕ ಇಟ್ಟುಕೊಂಡು ಏಣಿ ಹತ್ತಿದರು. ಮೂರನೆಯದನ್ನು ದಾಟಿದರು. ಡ್ರೈವರ್ ಉಸಿರು ಬಿಟ್ಟ. ಅವರು ತುದಿ ತಲುಪಿ, ಒಂದು ಕಾಲ ಮೇಲೆ ಭಾರ ಹಾಕಿ, ಮೇಲಿನ ಖಾನೆಗೆ ಕೈ ಚಾಚಿದರು. ಆಗ ಒಂದು ಸದ್ದಾಯಿತು. ಟಿಕ್. ಬೆರಳ ನೆಟಿಕೆಗಿಂತಲೂ ಸಣ್ಣದು. ಫ್ಯಾನಿನ ಗಾಳಿಗೆ ಪತ್ರಿಕೆಯ ಹಾಳೆ ಪಟಪಟ ಎನ್ನುತ್ತಿದ್ದ ಆ ಕೋಣೆಯಲ್ಲಿ ಬೇರೆ ಯಾರಿಗೂ ಕೇಳಿಸಿರಲಾರದು. ಅವನಿಗೆ ಕೇಳಿಸಿತು.

ಅವರು ಇಳಿದು ಮೇಜಿಗೆ ಹೋದ ಮೇಲೆ ಅವನು ಎದ್ದ. ಏಣಿಯ ಬುಡದಲ್ಲಿ ನಿಂತು ಮೂರನೆಯ ಮೆಟ್ಟಿಲನ್ನು ಎರಡೂ ಕೈಯಿಂದ ಒತ್ತಿದ, ಅಲ್ಲಾಡಿಸಿದ, ಬೆರಳ ಗೆಣ್ಣಿನಿಂದ ತಟ್ಟಿದ. ಏನೂ ಇಲ್ಲ. ಮೆಟ್ಟಿಲು ಕಲ್ಲಿನ ಹಾಗೆ ಕೂತಿತ್ತು. ಹಾಗಾದರೆ ಸದ್ದು ಎಲ್ಲಿಯದು? ತಲೆಯದೇ?

ಇಷ್ಟು ದಿನ ನೋಡುತ್ತಾ ಕೂತಿದ್ದನೇ ಹೊರತು ಒಮ್ಮೆಯೂ ಹತ್ತಿರಲಿಲ್ಲ. ಈಗ ಹತ್ತಿದ. ಬಲಗಾಲು ನಡುಗತೊಡಗಿತು, ಅದೇ ಹಳೆಯ ನಡುಕ. ಒಂದೊಂದು ಮೆಟ್ಟಿಲ ಮೇಲೂ ನಿಂತು, ಭಾರವನ್ನು ಎಡಕ್ಕೆ ಹಾಕಿ, ಬಲಕ್ಕೆ ಹಾಕಿ, ಕಿವಿಗೊಟ್ಟ. ತುದಿಯ ಮೆಟ್ಟಿಲಿನ ಮೇಲೆ ಬಲಕ್ಕೆ ವಾಲಿದಾಗ ಕೇಳಿಸಿತು. ಟಿಕ್.

ಬಗ್ಗಿ ನೋಡಿದ. ಬಲಗಡೆಯ ಕಂಬದಲ್ಲಿ, ಮೇಲಿನ ಮೆಟ್ಟಿಲಿನ ಕುಳಿಯಿಂದ ಕೆಳಕ್ಕೆ, ಮರದ ಎಳೆಯ ಗುಂಟ ಕೂದಲಿನಂಥ ಒಂದು ಬಿರುಕು. ಕುಳಿ ಇರಬೇಕಾದ ಕಡೆ ಇರಲಿಲ್ಲ. ಅಂಚಿನ ಕಡೆಗೆ ಜರುಗಿತ್ತು. ಅಂಚಿನಲ್ಲಿ ಉಳಿದಿದ್ದ ಮರ ತೀರ ತೆಳು. ಬೆಣೆಯ ಒತ್ತಡಕ್ಕೇ ಅದು ಬಿರಿದಿತ್ತು, ಈಗ ದಿನದಿನದ ಭಾರಕ್ಕೆ ಬಾಯಿ ತೆರೆಯುತ್ತಿತ್ತು.

ಮೊದಲು ಅವನಿಗಾದದ್ದು ಸಮಾಧಾನ. ನನ್ನದಲ್ಲ! ಅಷ್ಟು ದಿನದ ಭಾರ ಒಮ್ಮೆಗೇ ಇಳಿದಂತಾಯಿತು. ಮರುಗಳಿಗೆಯೇ ಅದು ಯಾರದು ಎನ್ನುವುದು ನೆನಪಾಗಿ, ಏಣಿಯ ತುದಿಯಲ್ಲಿ ಕಂಬ ತಬ್ಬಿಕೊಂಡು ನಿಂತಲ್ಲೇ ಅವನಿಗೆ ತಲೆ ಸುತ್ತಿ ಬಂತು.

ಇಳಿದವನು ಏಣಿಯನ್ನು ಎತ್ತಿ ಗೋಡೆಯ ಬುಡಕ್ಕೆ ಮಲಗಿಸಿದ.

"ಯಾಕ್ರೀ, ಏನಾಯ್ತು?" ಎಂದು ಲೈಬ್ರರಿಯವರು ಓಡಿ ಬಂದರು.

"ಯಾರೂ ಹತ್ತಬಾರದು. ನಾಳೆ ಅತ್ತೇನ ಕರ್ಕೊಂಡು ಬರ್ತೀನಿ."

"ನಾನೀಗ ತಾನೇ ಹತ್ತಿ ಇಳಿದ್ನಲ್ಲ, ಗಟ್ಟಿಯಾಗೇ ಇದೆ."

"ಇರಬಹುದು. ದಯವಿಟ್ಟು ಎತ್ತಿ ನಿಲ್ಲಿಸಬೇಡಿ." ಲೈಬ್ರರಿಯವರು ಅವನ ಮುಖ ನೋಡಿ, ಎರಡು ಕುರ್ಚಿಗಳನ್ನು ತಂದು ಮಲಗಿದ ಏಣಿಯ ಮುಂದೆ ಅಡ್ಡ ಇಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಗರಗಸಕ್ಕೆ ಎಣ್ಣೆ ಒರೆಸುತ್ತಿದ್ದರು. ಅವನು ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಮಾತ್ರ ತಲೆಬುಡವಿಲ್ಲದ ಮಾತು.

"ಅತ್ತೆ, ಏಣಿ... ಮೇಲಿನ ಮೆಟ್ಟಿಲು... ಬಲಗಡೆ ಕಂಬ ಬಿರುಕು ಬಿಟ್ಟಿದೆ ಅನ್ಸುತ್ತೆ."

"ಮೇಲಿಂದು ನಾನು ಮಾಡಿದ್ದು."

"ಹೌದು."

ಅತ್ತೆ ಬಟ್ಟೆ ಮಡಚಿಟ್ಟರು. "ನೋಡು, ನೀನು ಅಲ್ಲಿ ಹೋಗಿ ದಿನಾ ಕಾವಲು ಕೂರೋದು ನನಗೂ ಗೊತ್ತು. ಊರಿಗೆಲ್ಲ ಗೊತ್ತು. ನಾನು ಏನೂ ಅಂದಿಲ್ಲ. ಆದ್ರೆ ನಿನ್ನ ಭಯ ನಿನ್ನ ತಲೇಲಿದೆ, ನನ್ನ ಮರದಲ್ಲಿಲ್ಲ. ಬಾ, ಆ ಹಲಗೆ ತಗೋ, ಇವತ್ತು ಅದನ್ನ ಮಟ್ಟ ಮಾಡ್ಬೇಕು."

ಅವನು ಹಲಗೆಯ ಕಡೆ ಎರಡು ಹೆಜ್ಜೆ ಇಟ್ಟೂಬಿಟ್ಟ. ಇವರಿಗಿಂತ ನನಗೆ ಗೊತ್ತೇ? ಹುಟ್ಟಿದಾಗಿನಿಂದ ಮರದ ಹೊಟ್ಟಿನಲ್ಲೇ ಬೆಳೆದವರು. ನಿನ್ನೆ ಸಂಜೆ ಬೆಳಕು ಸರಿಯಿರಲಿಲ್ಲವೇನೋ. ಬಿರುಕಲ್ಲ, ಮರದ ಎಳೆಯೇ ಹಾಗೆ ಕಂಡಿತೇನೋ. ಹೀಗೆ ಅಂದುಕೊಳ್ಳುತ್ತಿದ್ದಂತೆಯೇ ಮೆಕ್ಯಾನಿಕ್ಕಿನ ನಗು ಕಿವಿಯಲ್ಲಿ ಮೊಳಗಿತು. ಜೊತೆಗೆ ತಾನೂ ನಕ್ಕದ್ದು.

"ಇಲ್ಲ ಅತ್ತೆ," ಎಂದ. ತಾನು ಇಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ಅವನಿಗೇ ಆಶ್ಚರ್ಯವಾಯಿತು. "ನನ್ನ ತಲೇಲೇ ಇರಬಹುದು. ಆದ್ರೂ ನೀವು ಬಂದು ನೋಡ್ಲೇಬೇಕು. ನೀವು ಬರೋ ತನಕ ನಾನು ಆ ಹಲಗೆ ಮುಟ್ಟಲ್ಲ."

ಅತ್ತೆ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಚಪ್ಪಲಿ ಮೆಟ್ಟಿಕೊಂಡು, ಸರಸರನೆ ಮುಂದೆ ನಡೆದರು.

ಲೈಬ್ರರಿಯಲ್ಲಿ ಏಣಿ ಹಾಗೆಯೇ ಮಲಗಿತ್ತು. ಅತ್ತೆ ಅದರ ಪಕ್ಕ ಮಂಡಿಯೂರಿದರು. ಕಿಟಕಿಯ ಬಿಸಿಲು ನೇರವಾಗಿ ಕಂಬದ ಮೇಲೆ ಬಿದ್ದಿತ್ತು. ನಿಂತ ಕಡೆಯಿಂದಲೇ ಅವನಿಗೆ ಆ ಬಿರುಕು ಕಾಣುತ್ತಿತ್ತು. ಅತ್ತೆ ಕಂಬದ ಮೇಲೆ ಬಗ್ಗಿದರು, ಇನ್ನಷ್ಟು ಬಗ್ಗಿದರು, ತಲೆಯನ್ನು ಆಚೀಚೆ ವಾಲಿಸಿದರು. ಬಹಳ ಹೊತ್ತು ನೋಡಿದರು.

"ಎಲ್ಲಿದೆ?" ಎಂದು ಕೇಳಿದರು.

ಬಿರುಕು ಅವರ ಮೂಗಿನ ಕೆಳಗೇ ಇತ್ತು.

"ಎಲ್ಲಿ ತೋರ್ಸು ಅಂದೆ."

ಕಿಟಕಿಗೆ ಎಳೆದ ಬೆಂಚು, ಮೂಗಿಗೆ ತಾಗುವ ಮರ, ಎಲ್ಲ ಆಗ ಅವನಿಗೆ ಒಟ್ಟಿಗೆ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಮಂಡಿಯೂರಿ, ಅತ್ತೆಯ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು, ಕುಳಿಯ ಅಂಚಿಗೆ ತಂದು, ಅಲ್ಲಿಂದ ಕೆಳಕ್ಕೆ ಜಾರಿಸಿದ. ಉಗುರು ಬಿರುಕಿಗೆ ಸಿಕ್ಕಿ ನಿಂತಿತು. ಅತ್ತೆಯ ಕೈ ಅಲ್ಲೇ ಉಳಿಯಿತು. ಅಂಚಿನಲ್ಲಿ ಉಳಿದ ಮರ ಎಷ್ಟು ತೆಳುವೆಂದು ಇನ್ನೊಂದು ಬೆರಳಿಂದ ಅಳೆದು ನೋಡಿದರು.

"ನನ್ನದೇ," ಎಂದರು. "ಗೆರೆ ದಾಟಿ ಹೋಗಿದೀನಿ."

ಲೈಬ್ರರಿಯವರು ಏನೋ ಸಮಾಧಾನ ಹೇಳಲು ಬಂದರು. ಅತ್ತೆ ಕೈಯೆತ್ತಿ ತಡೆದು, "ಬಿದ್ದಿದ್ರೆ ಏನು ಗತಿ ನಿಮ್ಮದು?" ಎಂದಷ್ಟೇ ಕೇಳಿ ಎದ್ದರು.

ವಾಪಸು ಬರುವಾಗ ಇಬ್ಬರೂ ನಿಧಾನವಾಗಿ ನಡೆದರು. ರಸ್ತೆ ದಾಟುವಲ್ಲಿ ಅತ್ತೆ ನಿಂತು, ಬರುವ ಗಾಡಿಯನ್ನು ಕಿವಿಯಿಂದ ಕೇಳಿಸಿಕೊಂಡು, ಆಮೇಲೆ ಕಾಲಿಟ್ಟದ್ದನ್ನು ಅವನು ಈಗ ಗಮನಿಸಿದ.

"ಯಾವಾಗಿನಿಂದ ಅತ್ತೆ?"

"ಕೆಲವು ತಿಂಗಳಾಯ್ತು. ದೀಪದ ಸುತ್ತ ಬಳೆ ಬಳೆ ಕಾಣುತ್ತೆ. ಗೆರೆ ಎರಡೆರಡಾಗುತ್ತೆ. ಯಾವುದು ನಾನು ಎಳೆದಿದ್ದು ಅಂತ ಕೈಯಲ್ಲೇ ಅಂದಾಜು ಮಾಡ್ತಿದ್ದೆ." ರಸ್ತೆಯ ಆಚೆ ಬದಿ ತಲುಪಿ, "ನನಗೂ ಪ್ರತಿ ದಿನ ಭಯವೇ. ಎಲ್ಲಿ ಕೈ ತಪ್ಪುತ್ತೋ, ಎಲ್ಲಿ ಯಾರಿಗೆ ಗೊತ್ತಾಗುತ್ತೋ ಅಂತ. ಮಗಳಿಗೆ ಹೇಳ್ಬೇಡಿ. ಗೊತ್ತಾದ್ರೆ ಕೋಣೆಗೆ ಬೀಗ ಜಡೀತಾಳೆ" ಎಂದರು.

ಕೆಲಸದ ಮಾತಿನ ನಡುವೆ ಅತ್ತೆ ಬಹುವಚನಕ್ಕೆ ಹೊರಳಿದ್ದರಿಂದ ಅವನಿಗೆ ಕಸಿವಿಸಿಯಾಯಿತು. "ಒಂದ್ಸಲ ಬ್ರೇಕಿನ ವಿಷಯ ಹೇಳಿ, ಮೆಕ್ಯಾನಿಕ್ ನಕ್ಕ ಅಂತ ಸುಮ್ಮನಾಗಿದ್ದೆ ಅತ್ತೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

ಮನೆ ತಲುಪುವ ತನಕ ಅತ್ತೆಯ ಮುಖ ಬಿಗಿದೇ ಇತ್ತು. ಹೇಳಬಾರದ್ದನ್ನು ಹೇಳಿದೆನೇನೋ, ಇನ್ನು ಹಿಂಬಾಗಿಲು ತನ್ನ ಪಾಲಿಗೆ ಮುಚ್ಚಿತೇನೋ ಎಂದು ಆ ದಿನವೆಲ್ಲ ಒದ್ದಾಡಿದ. ಸಂಜೆ ಅತ್ತೆ ತಾವೇ ಮಗಳನ್ನು ಕರೆಸಿ ಹೇಳಿದರು. ಮಗಳು ಕೋಣೆಗೆ ಬೀಗ ಜಡಿಯಲಿಲ್ಲ. ಇಬ್ಬರಿಗೂ ಸೇರಿಸಿ ಬೈದಳು. "ಒಬ್ಬರಿಗೆ ಕಾಣಿಸಲ್ಲ, ಹೇಳಲ್ಲ. ಇನ್ನೊಬ್ಬರಿಗೆ ಇಲ್ಲದ್ದೆಲ್ಲ ಕಾಣಿಸುತ್ತೆ, ಅದನ್ನೂ ಹೇಳಲ್ಲ. ನಿಮ್ಮಿಬ್ಬರ ಮಧ್ಯೆ ನನ್ನ ಗತಿ ನೋಡಿ!" ಬೈದು ಮುಗಿಸಿ ಕಣ್ಣೊರೆಸಿಕೊಂಡಳು. ಕಣ್ಣಿನ ಡಾಕ್ಟರು ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು; ಆಸ್ಪತ್ರೆಯಲ್ಲಿ ಸರದಿಗೆ ಕಾಯಬೇಕಿತ್ತು.

ಏಣಿ ಮಾತ್ರ ಕಾಯುವಂತಿರಲಿಲ್ಲ. ಬಲಗಡೆಯ ಕಂಬವನ್ನೇ ಹೊಸದಾಗಿ ಮಾಡಬೇಕು, ಅದರ ಕುಳಿಗಳನ್ನೆಲ್ಲ ಒಂದೂ ಬಿಡದೆ ಅವನೇ ತೋಡಬೇಕು. ಬೆಣೆಗಳನ್ನು ಕೆತ್ತಿ ತೆಗೆದು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅಂಟು ಕರಗಿಸಿ, ಹಳೆಯ ಕಂಬವನ್ನು ತಟ್ಟಿ ತಟ್ಟಿ ಬಿಡಿಸಿದರು. ಒಂದೊಂದೇ ಮೆಟ್ಟಿಲು ಬಿಟ್ಟುಕೊಂಡಿತು. ಮೂರನೆಯದು ಬಿಡಲಿಲ್ಲ. ಮತ್ತೆ ಬಿಸಿಬಟ್ಟೆ, ಮತ್ತೆ ಕೊಡತಿ. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೆಣೆ ಬಿದ್ದ ಮೇಲೆ ನಾಲಿಗೆ ಅಗಲಗೊಂಡು ಕುಳಿಯ ತುಂಬ ಕಚ್ಚಿಕೊಂಡಿತ್ತು. ಅವನು ಬೆವರಿಳಿಸಿಕೊಂಡು ಹೊಡೆಯುತ್ತಿದ್ದರೆ, ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಮೊದಲ ಸಲ ನಕ್ಕರು.

"ನೀನು ಕಾವಲು ಕೂತಿದ್ದು ಇದಕ್ಕೇನಾ?"

ಅವನಿಗೆ ನಾಚಿಕೆಯೂ ಆಯಿತು, ಕೋಪವೂ ಬಂತು. ಅಷ್ಟು ದಿನದ ಬೆವರು ಎಲ್ಲ ಸುಳ್ಳಿಗೆ! ಆದರೆ ಆ ಸುಳ್ಳಿನ ಹಿಂದೆ ಹೋಗಿ ಕೂರದಿದ್ದರೆ ಟಿಕ್ ಎಂಬ ಸದ್ದು ಯಾರಿಗೆ ಕೇಳಿಸುತ್ತಿತ್ತು? ಈ ಲೆಕ್ಕ ಅವನಿಗೆ ಬಗೆಹರಿಯಲಿಲ್ಲ.

ಹೊಸ ಕಂಬಕ್ಕೆ ಗೆರೆ ಎಳೆದು, ಅವನು ಕುಳಿ ತೋಡಲು ಕೂತ. ಈ ಸಲ ಮೇಲಿನ ಮೆಟ್ಟಿಲು ನನಗಿರಲಿ ಎನ್ನುವವರು ಯಾರೂ ಇರಲಿಲ್ಲ. ಅತ್ತೆ ರೇಡಿಯೋ ಆರಿಸಿ, ಕಣ್ಣು ಮುಚ್ಚಿ ಉಳಿಯ ಸದ್ದು ಕೇಳುತ್ತಿದ್ದರು. "ಸದ್ದು ಬದಲಾಯ್ತು, ಉಳಿ ಓರೆಯಾಗಿದೆ, ನೇರ ಹಿಡಿ" ಎನ್ನುವರು. "ಉಳಿ ಮೊಂಡಾಯ್ತು, ತೀಡ್ಕೊಂಡು ಬಾ" ಎನ್ನುವರು. ಅವನು ಪ್ರತಿ ಏಟಿಗೂ ಮೊದಲು ಗೆರೆ ನೋಡಿದ, ಮತ್ತೆ ನೋಡಿದ. ಕೆತ್ತುವಾಗ ಎಷ್ಟು ನೋಡಿದರೂ ಅತ್ತೆ ಅಡ್ಡಿ ಮಾಡಲಿಲ್ಲ. ಕೊನೆಯ ಕುಳಿಗೆ ಮೇಲಿನ ಮೆಟ್ಟಿಲಿನ ನಾಲಿಗೆ ಬಿಗಿಯಾಗಿ ಕೂತಿತು. ಕೈ ತಾನಾಗಿ ಎಳೆಯಲು ಹೋಯಿತು. ಅತ್ತೆ ಕಣ್ಣು ತೆರೆಯಲೂ ಇಲ್ಲ, ಗದರಲೂ ಇಲ್ಲ. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು, ಎದೆಬಡಿತ ಇಳಿಯುವ ತನಕ ಬೆಂಚಿನ ಮೇಲೆ ಹಾಗೇ ಕೂತ. ಇಳಿಯಲು ಬಹಳ ಹೊತ್ತೇ ಹಿಡಿಯಿತು. ಆಮೇಲೆ ಎದ್ದು ಅಂಟು ಕಾಯಿಸಿದ.

ಏಣಿ ಮರಳಿ ಲೈಬ್ರರಿಗೆ ಹೋದ ದಿನ ಲೈಬ್ರರಿಯವರು ಹತ್ತುವ ಮೊದಲು ಅವನೇ ತುದಿಯ ತನಕ ಹತ್ತಿ, ಆಚೀಚೆ ವಾಲಿ, ಇಳಿದ. ಕಾಲು ನಡುಗಿತು, ಮೆಟ್ಟಿಲು ಅಲ್ಲಾಡಲಿಲ್ಲ.

ಅತ್ತೆಯ ಕಣ್ಣಿನ ಪೊರೆ ತೆಗೆದರು. ಕೆಲವು ವಾರ ಅವರು ಕೋಣೆಗೆ ಬರುವಂತಿರಲಿಲ್ಲ. ಆ ದಿನಗಳಲ್ಲಿ ಅವನು ಒಬ್ಬನೇ ಒಂದು ಸ್ಟೂಲು ಮಾಡಿದ. ಯಾರೂ ಕೇಳದಿದ್ದರೂ, ಕೈ ಖಾಲಿ ಇದ್ದರೆ ಬೀಗದ ಕಡೆಗೆ ಹೋಗುತ್ತದೆಂದು.

ಡಾಕ್ಟರು ಒಪ್ಪಿಗೆ ಕೊಟ್ಟ ಬೆಳಿಗ್ಗೆ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಹಿಂಬಾಗಿಲು ದಾಟಿ ಬಂದರು. ಬಾಗಿಲಲ್ಲೇ ನಿಂತು ಸುತ್ತ ಕಣ್ಣಾಡಿಸಿದರು. "ಅಯ್ಯೋ, ಇಷ್ಟೊಂದು ಜೇಡರ ಬಲೆ ಇಲ್ಲಿ ಯಾವಾಗಿಂದ ಇದೆ? ಈ ಗರಗಸಕ್ಕೆ ತುಕ್ಕು ಹಿಡೀತಿದೆ. ಈ ಉಜ್ಜುಗೊರಡಿನ ಬಾಯಿ ನೋಡು!" ಎಂದು ಒಂದೊಂದನ್ನೇ ಎತ್ತಿ ಬೈಯುತ್ತಾ ಬೆಂಚಿನ ಹತ್ತಿರ ಬಂದವರ ಕಣ್ಣು ಸ್ಟೂಲಿನ ಮೇಲೆ ಬಿತ್ತು. ಅದನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ಅವನು ಶಾಲೆಯ ಹುಡುಗನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತ.

ಅತ್ತೆ ಒಂದೊಂದು ಕಾಲಿನ ಜೋಡಣೆಯನ್ನೂ ನಿಧಾನವಾಗಿ ನೋಡಿದರು. ಒಂದು ಕಡೆ ನಿಂತರು.

"ಇದೇನಿದು? ಈ ಸಂದಿನಲ್ಲಿ ಇರುವೆ ಮನೆ ಕಟ್ಟಿ, ಬಾಡಿಗೆಗೂ ಕೊಡಬಹುದು."

"ಅಷ್ಟೊಂದು ಇದೆಯಾ ಅತ್ತೆ?" ಅವನಿಗೆ ಅಲ್ಲಿ ಏನೂ ಅನ್ನಿಸಿಯೇ ಇರಲಿಲ್ಲ.

"ಇದೆ. ಉಳಿದ ಮೂರು ಪರವಾಗಿಲ್ಲ. ಈ ಕಾಲು ಬಿಚ್ಚಿ ಮತ್ತೆ ಮಾಡು."

ಅವನು ಸ್ಟೂಲನ್ನು ಅವರ ಕೈಯಿಂದ ತೆಗೆದುಕೊಂಡ. ಬೈಸಿಕೊಂಡರೂ ಒಳಗೊಳಗೇ ಏನೋ ಹಗುರವಾಗಿತ್ತು. ನೋಡುವ ಕಣ್ಣು ಈಗ ಕೋಣೆಯಲ್ಲಿ ಇನ್ನೊಂದು ಜೊತೆ ಇತ್ತು. ಎಲ್ಲವನ್ನೂ ಅವನೊಬ್ಬನೇ ಕಾಯಬೇಕಾಗಿರಲಿಲ್ಲ. ಆ ಕಾಲಿನ ಅಂಟು ಕರಗಿಸಲು ಒಲೆಯ ಮೇಲೆ ನೀರಿಟ್ಟು, ಬಟ್ಟೆ ಹುಡುಕತೊಡಗಿದ.